ಪರಚಿತ್ತವಶೀಕರಣ: ಒಂದು ಸಂಶೋಧನೆಯ ಹಿನ್ನೋಟ

ಪರರ ಚಿತ್ತವನ್ನು ತಮ್ಮ ಇಚ್ಛೆಗೆ ಅಧೀನಗೊಳಿಸಿಕೊಳ್ಳಬೇಕೆಂಬ ಹಂಬಲವು ಮಂತ್ರವಾದಿಗಳ ಕೈಯಿಂದ ವೈದ್ಯರ ಕೈಗೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. 1778ರಲ್ಲಿ ವಿಯೆನ್ನಾದಿಂದ ಪ್ಯಾರಿಸಿಗೆ ಬಂದು ನೆಲಸಿದ ವೈದ್ಯ ಫ್ರಾಂಟ್ಸ್ ಮೆಸ್ಮರನು, ಸಕಲ ಜೀವಿಗಳಲ್ಲಿಯೂ ಅಯಸ್ಕಾಂತಸದೃಶವಾದ ಒಂದು ಸೂಕ್ಷ್ಮದ್ರವವು ಸಂಚರಿಸುತ್ತಿರುವುದೆಂದೂ, ಕೈಯಾಡಿಸಿ ಅದನ್ನು ಹರಿಯಿಸಿದರೆ ರೋಗ ನೀಗುವುದೆಂದೂ ಸಾರಲು, ನಗರದ ಕುಲೀನರು ಅವನ ಬಾಗಿಲಿಗೆ ಮುತ್ತಿದರು. 1784ರಲ್ಲಿ ಹದಿನಾರನೆಯ ಲೂಯಿಯು ನೇಮಿಸಿದ, ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೆ ಮೊದಲಾದವರಿದ್ದ ಮಂಡಲಿಯು, ಮೆಸ್ಮರನ ಶಿಷ್ಯನಿಂದ ತೋಟದ ಒಂದೇ ಮರಕ್ಕೆ ಆ ಶಕ್ತಿಯನ್ನು ತುಂಬಿಸಿ, ಬಾಲಕನೊಬ್ಬನನ್ನು ಕಣ್ಣುಕಟ್ಟಿ ಮರದಿಂದ ಮರಕ್ಕೆ ನಡೆಯಿಸಿತು. ಹುಡುಗನು ಮೂರ್ಛೆಹೋದದ್ದು ಬೇರೊಂದು ಮರದ ಬಳಿಯಲ್ಲಿ! ದ್ರವವು ಮಿಥ್ಯೆ, ಕಲ್ಪನೆಯೇ ಕಾರಣ ಎಂದು ಮಂಡಲಿ ತೀರ್ಪಿತ್ತಿತು. ಆಮೇಲಿನ ಇನ್ನೂರು ವರ್ಷಗಳ ಪ್ರಯೋಗಗಳು ಇದಕ್ಕೆ ಸೇರಿಸಿದ್ದು, ನನ್ನ ಎಣಿಕೆಯಲ್ಲಿ, ಹೆಚ್ಚೇನಿಲ್ಲ.

ಹತ್ತೊಂಬತ್ತನೆಯ ಶತಮಾನದ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 1840ರ ದಶಕದಲ್ಲಿ ಮ್ಯಾಂಚೆಸ್ಟರಿನ ಜೇಮ್ಸ್ ಬ್ರೇಡನು ದ್ರವವನ್ನು ಕೈಬಿಟ್ಟು ಸಂಮೋಹನನಿದ್ರೆಯನ್ನು ಮಾತ್ರ ಉಳಿಸಿಕೊಂಡನು; ಅದೇ ದಶಕದಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯನು ರೋಗಿಗಳನ್ನು ಮೆಸ್ಮರನ ಕ್ರಮದಿಂದ ಮಲಗಿಸಿ ಶಸ್ತ್ರಚಿಕಿತ್ಸೆಗಳನ್ನು ನಡೆಸಿದನು. ಸಂಮೋಹನವು ನರರೋಗದ ಲಕ್ಷಣವೆಂದ ಪ್ಯಾರಿಸಿನ ಶಾರ್ಕೋವಿಗೂ, ಅದು ಸೂಚನೆಗೆ ಒಲಿಯುವ ಸಹಜಸ್ವಭಾವವೆಂದ ನಾನ್ಸಿಯ ಬೆರ್ನ್‌ಹೈಮನಿಗೂ ನಡೆದ ವಾದದಲ್ಲಿ ಕಡೆಗೆ ಗೆದ್ದವನು ಎರಡನೆಯವನೇ.

ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕನ್ ವೈಮಾನಿಕರು ಶತ್ರುವಿನ ಪರವಾಗಿ ತಪ್ಪೊಪ್ಪಿಗೆಗಳನ್ನು ಓದತೊಡಗಿದಾಗ, ಚೀನೀಯರಿಗೆ ಮಿದುಳು ತೊಳೆಯುವ ಗುಪ್ತವಿದ್ಯೆಯೊಂದು ಸಿದ್ಧಿಸಿದೆಯೆಂಬ ಭೀತಿ ಹರಡಿ, ಈ ಹಂಬಲವು ಗೂಢಚಾರರ ಪಾಲಾಯಿತು. 1953ರ ಏಪ್ರಿಲ್‌ನಲ್ಲಿ ಅಮೆರಿಕದ ಗೂಢಚಾರ ಸಂಸ್ಥೆಯಾದ ಸಿ.ಐ.ಎ.ಯ ಮುಖ್ಯಸ್ಥ ಆಲನ್ ಡಲೆಸ್, ಮನಸ್ಸನ್ನು ವಶಪಡಿಸಿಕೊಳ್ಳುವ ಬಗೆಗಳನ್ನು ಅರಸುವ ಎಂ.ಕೆ.ಅಲ್ಟ್ರಾ ಯೋಜನೆಗೆ ಸಮ್ಮತಿಯಿತ್ತನು. ರಸಾಯನಜ್ಞ ಸಿಡ್ನಿ ಗಾಟ್ಲೀಬನು ಅದರ ಸೂತ್ರಧಾರ. ಆ ವರ್ಷದ ನವೆಂಬರಿನಲ್ಲಿ, ಫ್ರಾಂಕ್ ಓಲ್ಸನ್ ಎಂಬ ಸೈನ್ಯದ ವಿಜ್ಞಾನಿಗೆ ಮದ್ಯದಲ್ಲಿ ಎಲ್.ಎಸ್.ಡಿ. ಎಂಬ ಭ್ರಮೆ ಹುಟ್ಟಿಸುವ ದ್ರವ್ಯವನ್ನು ಗುಟ್ಟಾಗಿ ಬೆರೆಸಿ ಕುಡಿಸಲಾಯಿತು. ಒಂಬತ್ತು ದಿನಗಳ ತರುವಾಯ ಅವನು ನ್ಯೂಯಾರ್ಕಿನ ಹೋಟೆಲೊಂದರ ಕಿಟಕಿಯಿಂದ ಬಿದ್ದು ಸತ್ತನು.

ವಿಚಿತ್ರವೆಂದರೆ, 1956ರಲ್ಲಿ ಸಿ.ಐ.ಎ.ಗಾಗಿಯೇ ಚೀನೀಯರ ಮಿದುಳು ತೊಳೆಯುವ ವಿಷಯವನ್ನು ಪರಿಶೀಲಿಸಿದ ಹೆರಾಲ್ಡ್ ವುಲ್ಫ್ ಮತ್ತು ಲಾರೆನ್ಸ್ ಹಿಂಕಲ್ ಎಂಬ ವೈದ್ಯರು, ಅಲ್ಲಿ ಗುಪ್ತವಿದ್ಯೆ ಯಾವುದೂ ಇಲ್ಲ, ಏಕಾಂತ, ನಿದ್ರಾಭಂಗ, ಹಸಿವು, ಎಡೆಬಿಡದ ವಿಚಾರಣೆ, ಇಂತಹ ಹಳೆಯ ಪೊಲೀಸು ಪದ್ಧತಿಗಳೇ ಇವೆಯೆಂದು ಬರೆದಿದ್ದರು. ಆದರೂ ಮರುವರ್ಷವೇ, ಅದೇ ವುಲ್ಫನು ಅಧ್ಯಕ್ಷನಾಗಿದ್ದ ಸಂಸ್ಥೆಯೊಂದರ ಮೂಲಕ, ಮಾಂಟ್ರಿಯಲಿನ ಡಾಕ್ಟರ್ ಯೂಯೆನ್ ಕ್ಯಾಮರಾನನಿಗೆ ಸಿ.ಐ.ಎ.ಯ ಹಣ ಸಂದಾಯವಾಯಿತು. ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕ ರುಡಾಲ್ಫ್ ಹೆಸ್ಸನ ಮನಃಸ್ಥಿತಿಯನ್ನು ಪರೀಕ್ಷಿಸಿದ್ದ ವೈದ್ಯರಲ್ಲೊಬ್ಬನಾದ ಇವನು, ಸಾಮಾನ್ಯ ಖಿನ್ನತೆ, ಆತಂಕಗಳಿಗೆ ಉಪಶಮನವನ್ನರಸಿ ಬಂದ ರೋಗಿಗಳನ್ನು ಔಷಧದಿಂದ ವಾರಗಟ್ಟಲೆ ನಿದ್ರೆಯಲ್ಲಿರಿಸಿ, ರೂಢಿಯ ಪ್ರಮಾಣವನ್ನು ಎಷ್ಟೋ ಮೀರಿದ ವಿದ್ಯುದಾಘಾತಗಳನ್ನಿತ್ತು, ಧ್ವನಿಮುದ್ರಿತ ವಾಕ್ಯಗಳನ್ನು ಸಾವಿರಾರು ಸಲ ಅವರ ಕಿವಿಗೆ ಬೀಳಿಸಿದನು. ಹಳೆಯ ಮನಸ್ಸನ್ನು ಅಳಿಸಿ ಹೊಸತನ್ನು ಬರೆಯುವುದು ಅವನ ಸಂಕಲ್ಪ. ಅಳಿಸುವುದಷ್ಟೇ ಸಾಧ್ಯವಾಯಿತು: ಅನೇಕರು ತಮ್ಮ ಬದುಕಿನ ವರ್ಷಗಳ ನೆನಪನ್ನೇ ಕಳೆದುಕೊಂಡು ಮನೆಗೆ ಮರಳಿದರು.

ಇಷ್ಟೆಲ್ಲ ಆದ ಮೇಲೆ ಗಾಟ್ಲೀಬನು ತಾನೇ, ಎಲ್.ಎಸ್.ಡಿ.ಯಂತಹ ದ್ರವ್ಯಗಳು ಗೂಢಚರ್ಯೆಯ ಕೆಲಸಕ್ಕೆ ಒದಗುವಂಥವಲ್ಲವೆಂಬ ಅಭಿಪ್ರಾಯಕ್ಕೆ ಬಂದನು. 1973ರಲ್ಲಿ ಯೋಜನೆಯ ಕಡತಗಳನ್ನು ನಾಶಮಾಡಿಸಲಾಯಿತಾದರೂ, ಲೆಕ್ಕಪತ್ರಗಳ ವಿಭಾಗದಲ್ಲಿ ಮರೆತು ಉಳಿದ ಸುಮಾರು 20,000 ಪುಟಗಳು 1977ರಲ್ಲಿ ಬೆಳಕಿಗೆ ಬಂದವು. ಅವುಗಳಿಂದಲೇ ಅಮೆರಿಕದ ಸೆನೆಟ್ಟಿಗೆ ವಿಶ್ವವಿದ್ಯಾಲಯಗಳ, ಆಸ್ಪತ್ರೆಗಳ, ಕಾರಾಗೃಹಗಳ ಪಾತ್ರವು ತಿಳಿಯಿತು. ಕ್ಯಾಮರಾನನ ರೋಗಿಗಳಲ್ಲಿ ಕೆಲವರು ಹೂಡಿದ ವ್ಯಾಜ್ಯವನ್ನು ಅಮೆರಿಕದ ಸರ್ಕಾರವು 1988ರಲ್ಲಿ 7,50,000 ಡಾಲರುಗಳನ್ನಿತ್ತು ಮುಗಿಸಿಕೊಂಡಿತು.