ಕೆರೆಯ ಲೆಕ್ಕ, ಗಾಜಿನ ತೊಟ್ಟಿಯ ಲೆಕ್ಕ

ಮನೆಯೊಳಗೆ ಮೀನು ಸಾಕುವುದು ವಿಲಾಯಿತಿಯಿಂದ ಬಂದ ಶೋಕಿ ಎನ್ನುವ ಮಾತು ಅರ್ಧ ನಿಜ. ಗಾಜಿನ ತೊಟ್ಟಿ ಅಲ್ಲಿಂದ ಬಂತು. ಮೀನಿನ ಬಾಯಿರುಚಿ ಅರಿತು ಮೇವು ಹಾಕುವ ವಿದ್ಯೆ ಇಲ್ಲಿಯೂ ಇತ್ತು. ಸೊರಬ ಸೀಮೆಯ ಕುಬಟೂರಿನಲ್ಲಿ ಕೈಟಭೇಶ್ವರ ದೇವಾಲಯ ಎದ್ದದ್ದು ಸುಮಾರು 1100ರಲ್ಲಿ, ಕಲ್ಯಾಣದ ಚಾಲುಕ್ಯರ ಕಾಲಕ್ಕೆ. ಕೆಲವೇ ದಶಕಗಳಲ್ಲಿ ಅದೇ ವಂಶದ ಅರಸ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಗ್ರಂಥದಲ್ಲಿ ಮತ್ಸ್ಯವಿನೋದವನ್ನು ಬಿಡಿಸಿ ಬರೆದ. ಕಡಲಿನದು, ಹೊಳೆಯದು, ಹುರುಪೆ ಇರುವುದು, ಇಲ್ಲದ್ದು ಎಂದು ಮೀನುಗಳನ್ನು ವಿಂಗಡಿಸಿ, ಕೆಲವಕ್ಕೆ ಹಿಟ್ಟಿನ ಉಂಡೆ, ಕೆಲವಕ್ಕೆ ಮಾಂಸ ಎಂದು ಮೇವು ಗೊತ್ತುಮಾಡಿದ. ಅದು ಗಾಳ ಹಾಕುವ ಅರಸನ ಆಟ, ಸಾಕಣೆಯಲ್ಲ ಎಂದು ಆಕ್ಷೇಪಿಸಬಹುದು. ಸರಿ, ಉದ್ದೇಶ ಬೇರೆ. ಆದರೆ ಯಾವ ಮೀನು ಏನನ್ನು ತಿನ್ನುತ್ತದೆಂದು ತಿಳಿಯದವನಿಗೆ ಗಾಳವೂ ದಕ್ಕದು, ತೊಟ್ಟಿಯೂ ದಕ್ಕದು.

ಬೇಟೆಗಾರ ಮೀನಿನ ವಿಷಯದಲ್ಲಿ ಅರಮನೆಯ ಗ್ರಂಥಕ್ಕಿಂತ ಹೆಚ್ಚು ಹೇಳುವುದು ಊರಿನ ಕೆರೆ. ಸೊರಬ, ಸಾಗರದ ಹಳ್ಳಿಗಳಲ್ಲಿ ಕೆರೆ ಕಟ್ಟಿದ್ದು ಗದ್ದೆಗೆ ನೀರುಣಿಸಲು. ಅಗ್ರಹಾರವೂ ಜೈನ ಬಸದಿಯೂ ಇದ್ದ ಕುಬಟೂರಿನಂಥ ಊರಲ್ಲಿ ಮೀನಿಗಾಗಿ ಕೆರೆ ತೋಡಿಸಿದರೆಂದು ಯಾರೂ ಹೇಳಲಾರರು. ಆದರೂ ಕೆರೆಯಲ್ಲಿ ಕೊರವ ಎಂಬ ಬೇಟೆಗಾರ ಮೀನು ಬೆಳೆಯಿತು, ಯಾರೂ ಮೇವು ಹಾಕದೆಯೇ. ಅದಕ್ಕೆ ಬೇಕಾದ ಸಣ್ಣ ಮೀನು, ಕಪ್ಪೆ, ಹುಳುಗಳನ್ನೆಲ್ಲ ಕೆರೆಯೇ ಸಾಕುತ್ತಿತ್ತು. ಬೇಟೆಗಾರ ಮೀನಿನ ಮನೆ ಎಂದರೆ ಅದು ಈಜುವಷ್ಟು ನೀರಲ್ಲ, ಅದರ ಆಹಾರ ಹುಟ್ಟಿ ಬೆಳೆಯುವಷ್ಟು ನೀರು ಎಂಬುದೇ ನನ್ನ ವಾದ. ಹಾಗೆಂದು ಕೆರೆ ತನ್ನಷ್ಟಕ್ಕೇ ಸಮತೋಲದಲ್ಲಿತ್ತು ಎಂದರೆ ಅದೂ ತಪ್ಪು. ಬೇಸಗೆಯಲ್ಲಿ ನೀರು ತಗ್ಗಿದಾಗ ಕೂಣಿ ಎಂಬ ಬುಟ್ಟಿ ಹಿಡಿದು ಜನ ಕೆರೆಬೇಟೆಗೆ ಇಳಿಯುತ್ತಿದ್ದರು, ಮೀನು ಖಾಲಿಯಾಗುತ್ತಿತ್ತು. ಹೂಳು ತೆಗೆದರೆ ಅದು ಗದ್ದೆಗೆ ಗೊಬ್ಬರ. ಮಿಕ್ಕಿದ್ದನ್ನು ಹೊರಹಾಕುವ ಕೆಲಸ ಮನುಷ್ಯನದೇ ಆಗಿತ್ತು.

ಮೇವು ಹುಟ್ಟಿಸುವುದು, ಮಿಕ್ಕಿದ್ದನ್ನು ಹೊರಹಾಕುವುದು ಎಂಬ ಈ ಎರಡು ಲೆಕ್ಕಗಳೂ ತಪ್ಪುವುದು ಪಫರ್ ಎಂಬ ಬೇಟೆಗಾರ ಮೀನನ್ನು ಗಾಜಿನೊಳಗೆ ಇಟ್ಟಾಗ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ವರದಿ ಮಾಡಿದ ಸಮತೋಲದ ತೊಟ್ಟಿಯಲ್ಲಿದ್ದದ್ದು ಚಿನ್ನದ ಮೀನು, ವ್ಯಾಲಿಸ್ನೇರಿಯ ಎಂಬ ನೀರುಗಿಡ ಮತ್ತು ಬಸವನಹುಳು. ಕೊಳೆತ ಎಲೆಯನ್ನು ತಿಂದು ನೀರನ್ನು ಕಾಪಾಡಿದ್ದು ಬಸವನಹುಳುವೇ. ಪಫರ್ ಮೊದಲು ಕಬಳಿಸುವುದೂ ಅದನ್ನೇ! ಕೊಕ್ಕಿನಂತೆ ಕೂಡಿಕೊಂಡ ಅದರ ಹಲ್ಲು ಜೀವಮಾನವಿಡೀ ಬೆಳೆಯುತ್ತದೆ. ಚಿಪ್ಪು ಒಡೆದು ಸವೆಯದಿದ್ದರೆ ದೊಡ್ಡ ಜಾತಿಗಳಲ್ಲಿ ಬಾಯಿ ತೆರೆಯಲಾಗದಷ್ಟು ಬೆಳೆದು ಮೀನು ಉಪವಾಸ ಬೀಳುತ್ತದೆ. ಒಣ ಗುಳಿಗೆಯನ್ನು ಅದು ಮೂಸಿಯೂ ನೋಡದಿರುವುದೇ ಹೆಚ್ಚು. ಆದ್ದರಿಂದ ಬಸವನಹುಳು ಬೆಳೆಸಲು ಇನ್ನೊಂದು ತೊಟ್ಟಿ ಬೇಕು. ಗದ್ದೆಯಿಂದ ಆರಿಸಿ ತಂದು ಹಾಕುವುದು ಅಗ್ಗ, ಆದರೆ ಅದರೊಂದಿಗೆ ಕೀಟನಾಶಕವೂ ಪರೋಪಜೀವಿಯೂ ಬರಬಹುದು.

ಫಿಲ್ಟರ್ ಇರುವಾಗ ಕೆರೆಯ ಮಾತೇಕೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುತ್ತದೆ ನಿಜ. ನೈಟ್ರೇಟು ಮಾತ್ರ ನೀರಿನಲ್ಲೇ ಉಳಿಯುತ್ತದೆ. ಮಾಂಸ ತಿಂದು ಚೂರು ಚೆಲ್ಲುವ ಮೀನಿಗೆ ವಾರವಾರ ಒಂದಿಷ್ಟು ನೀರು ಬದಲಿಸದೆ ಗತಿಯಿಲ್ಲ. ಕೆರೆಗೆ ವರ್ಷಕ್ಕೊಮ್ಮೆ ಬರುತ್ತಿದ್ದ ಕೆಲಸ ಇಲ್ಲಿ ವಾರಕ್ಕೊಮ್ಮೆ ಬಂತು, ಅಷ್ಟೇ. ಇನ್ನು ಚಿಕ್ಕ ಜಾತಿಯನ್ನು ತಂದರೆ ಆಯಿತಲ್ಲ ಎನ್ನುವವರಿದ್ದಾರೆ. ಪ್ರಾಣಿಶಾಸ್ತ್ರಜ್ಞರಾದ ಹೋರಾ ಮತ್ತು ನಾಯರ್ 1941ರಲ್ಲಿ ಕೇರಳದ ಪಂಪಾ ನದಿಯಿಂದ ವರ್ಣಿಸಿದ ಕುಳ್ಳ ಪಫರ್ ಸುಮಾರು ಮೂರು ಸೆಂಟಿಮೀಟರಿನದು; ನೈಲ್ ನದಿಯ ಫಹಾಕಾ ನಲವತ್ತನ್ನು ದಾಟಬಲ್ಲದು. ಕುಳ್ಳನಿಗೆ ಕಡಿಮೆ ನೀರು ಸಾಕು, ಒಪ್ಪೋಣ. ಬಸವನಹುಳುವಿನ ತೊಟ್ಟಿ ಅದಕ್ಕೂ ಬೇಕು, ಜೊತೆಯ ಮೀನಿನ ರೆಕ್ಕೆ ಕಚ್ಚುವ ಚಾಳಿ ಅದಕ್ಕೂ ಇದೆ. ಜೊತೆಗೆ ಪೇಟೆಗೆ ಬರುವ ಕುಳ್ಳ ಪಫರುಗಳಲ್ಲಿ ಬಹಳಷ್ಟು ಪಶ್ಚಿಮಘಟ್ಟದ ಹೊಳೆಗಳಿಂದಲೇ ಹಿಡಿದು ತಂದವು. ಹಿಡಿದು ಬರಿದುಮಾಡಿದ ಕೆರೆಗೆ ಮುಂದಿನ ಮಳೆಗಾಲ ಮತ್ತೆ ಮೀನು ತರುತ್ತಿತ್ತು. ಹೀಗೆ ಹಿಡಿದ ಪಫರುಗಳ ಜಾಗ ತುಂಬಲು ಹೊಳೆಗೆ ಎಷ್ಟು ಮಳೆಗಾಲ ಬೇಕೆಂಬುದನ್ನು ಕೊಳ್ಳುವವರೂ ಮಾರುವವರೂ ಕೇಳುವುದು ಕಡಿಮೆ.