ಮೊಹರು ಎಂಬ ಅಮಾನತ್ತು

ಕುಮಟಾ ತಾಲೂಕಿನ ಸಂತೆಗುಳಿಯಂಥ ಊರುಗಳಲ್ಲಿ ತುಂಡು ಗದ್ದೆ ಉಳ್ಳವರಿಗೂ ಪಹಣಿಯ ಬೆಲೆ ಗೊತ್ತು. ಸಾಲಕ್ಕೂ ವ್ಯಾಜ್ಯಕ್ಕೂ ಅದೇ ಆಧಾರ. ಒಂದು ಕಾಲದಲ್ಲಿ ಊರಿನ ಭೂಮಿಯ ಲೆಕ್ಕವೆಲ್ಲ ಶಾನುಭೋಗರ ಕೈಬರಹದಲ್ಲಿತ್ತು. ಅವರ ನಂತರ ಗ್ರಾಮ ಲೆಕ್ಕಿಗರು ಬಂದರು. ಬರೆದ ಕೈಯನ್ನು ನಂಬದೆ ರೈತನಿಗೆ ಬೇರೆ ದಾರಿಯಿರಲಿಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಸೇರಿದವು. ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಈಗ ಅದು ಅಂತರ್ಜಾಲದಲ್ಲೇ ದೊರೆಯುತ್ತದೆ. ಆದರೆ ಪರದೆಯ ಆಚೆ ಇರುವುದು ಸರಕಾರವೇ ಎಂದು ನಾವು ನಂಬುವುದು ಹೇಗೆ?

ಈ ಪ್ರಶ್ನೆ ಬಹಳ ಹಳೆಯದು. ಪ್ರವಾದಿ ಮುಹಮ್ಮದ್(ಸ)ರು ದೊರೆಗಳಿಗೆ ಪತ್ರ ಬರೆಯಲು ಹೊರಟಾಗ, ಮೊಹರಿಲ್ಲದ ಪತ್ರವನ್ನು ಅವರು ಸ್ವೀಕರಿಸುವುದಿಲ್ಲವೆಂದು ತಿಳಿದುಬಂತು. ಆಗ ಬೆಳ್ಳಿಯ ಉಂಗುರ ಮಾಡಿಸಿ ‘ಮುಹಮ್ಮದ್ ರಸೂಲುಲ್ಲಾಹ್’ ಎಂದು ಕೆತ್ತಿಸಿದರು. ಆ ಕೆತ್ತನೆಯನ್ನು ಇನ್ನಾರೂ ಮಾಡಿಸಕೂಡದೆಂದು ತಡೆದರು.

ಇಂದಿನ ಡಿಜಿಟಲ್ ಪ್ರಮಾಣಪತ್ರದ ಹಿಂದಿರುವುದೂ ಇದೇ ಎಚ್ಚರ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ರೂಪಿಸಿದ ವಿಧಾನದಲ್ಲಿ ಕೀಲಿಗಳು ಎರಡು. ಒಂದು ಎಲ್ಲರಿಗೂ ತಿಳಿದದ್ದು, ಇನ್ನೊಂದು ಗುಟ್ಟಿನದು. ಗುಟ್ಟಿನ ಕೀಲಿ ತಾಣದ ಒಡೆಯರ ಸರ್ವರ್ ಬಿಟ್ಟು ಹೊರಹೋಗಬಾರದು. ಬಹಿರಂಗ ಕೀಲಿ ಇಂಥ ತಾಣದ್ದೇ ಎಂದು ಪ್ರಮಾಣೀಕರಣ ಸಂಸ್ಥೆ ಸಹಿ ಹಾಕುತ್ತದೆ. ಆ ಸಂಸ್ಥೆಗೆ ಅದರ ಮೇಲಿನದು ಸಾಕ್ಷಿ. ಸರ್ವರ್ ನೋಡಿಕೊಳ್ಳುವವರು ನಡುವಿನ ಪ್ರಮಾಣಪತ್ರವನ್ನು ಜೋಡಿಸಲು ಮರೆತರೆ ಅಥವಾ ಅವಧಿ ಮುಗಿಯಲು ಬಿಟ್ಟರೆ ಸಾಕ್ಷಿಯ ಸರಪಳಿ ಕಡಿದು, ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ.

ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯು ಇಂಥ ಸಂಸ್ಥೆಗಳ ಮೇಲೆ ಒಬ್ಬ ನಿಯಂತ್ರಕರನ್ನು ಇರಿಸಿತು. ಆದರೂ 2014ರ ಜುಲೈಯಲ್ಲಿ, ಸರಕಾರದ್ದೇ ಆದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಸಹಿಯಿದ್ದ ನಕಲಿ ಪ್ರಮಾಣಪತ್ರಗಳು ಗೂಗಲ್ ತಾಣಗಳ ಹೆಸರಿನಲ್ಲಿ ಪತ್ತೆಯಾದವು. ನಿಯಂತ್ರಕರು ಆ ಕೇಂದ್ರದ ಪ್ರಮಾಣಪತ್ರಗಳನ್ನೇ ರದ್ದುಮಾಡಬೇಕಾಯಿತು. ಗಣಿತದಲ್ಲಿ ದೋಷವಿರಲಿಲ್ಲ. ಮೊಹರು ಇದ್ದಲ್ಲಿ ಕಾವಲು ಸಡಿಲವಾಗಿತ್ತು.

ಪ್ರವಾದಿಯವರ ಆ ಉಂಗುರ ಖಲೀಫಾ ಉಸ್ಮಾನ್(ರ)ರ ಕಾಲದಲ್ಲಿ ಮದೀನಾದ ಅರೀಸ್ ಬಾವಿಗೆ ಬಿತ್ತು. ಮೂರು ದಿನ ಹುಡುಕಿದರೂ ಸಿಗಲಿಲ್ಲ. ಕೈಯಲ್ಲಿ ಇರುವವರೆಗೆ ಮೊಹರು ಅಮಾನತ್ತು, ಅದರ ಹೊಣೆ ಹೊತ್ತವನದು. ಸಂತೆಗುಳಿಯ ರೈತ ಸರ್ವರನ್ನು ಕಂಡವನಲ್ಲ, ಅವನ ಗದ್ದೆ ಮಾತ್ರ ಆ ಅಮಾನತ್ತಿನ ಮೇಲೆ ನಿಂತಿದೆ.