ದಾನಪತ್ರಕ್ಕೆ ಸಹಿ ಹಾಕುವ ಮುನ್ನ

ಮನೆ, ಜಾಗ ಮಕ್ಕಳ ಹೆಸರಿಗೆ ಬರೆದುಕೊಟ್ಟ ಮೇಲೆ ಹೆತ್ತವರು ಅದೇ ಮನೆಯಲ್ಲಿ ಪರಕೀಯರಾಗುವುದನ್ನು ನಾವು ಧರ್ಮಕೇಂದ್ರಗಳಲ್ಲಿ ಕಾಣುತ್ತೇವೆ. ಅಂಥವರಿಗೆ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕಾಯಿದೆಯ ಆಸರೆಯಿದೆ. ಉಪವಿಭಾಗದ ಸಹಾಯಕ ಆಯುಕ್ತರ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರೆ ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ ಸಿಗಬಹುದು. ಸ್ವತಃ ಹೋಗಲಾಗದವರ ಪರವಾಗಿ ಅವರು ಒಪ್ಪಿಗೆ ಕೊಟ್ಟ ಯಾರೇ ಆಗಲಿ, ವಾಳೆಯ ಗುರಿಕಾರರೇ ಆಗಲಿ, ಅರ್ಜಿ ಸಲ್ಲಿಸಬಹುದು. ಮಗ ಗಲ್ಫಿನಲ್ಲಿದ್ದರೂ ಸಮನ್ಸ್ ಕಳುಹಿಸಲು ಕಾಯಿದೆಯಲ್ಲಿ ಅವಕಾಶವಿದೆ.

ಕೊಟ್ಟ ಆಸ್ತಿಯನ್ನು ಹಿಂಪಡೆಯುವುದು ಮಾತ್ರ ಅಷ್ಟು ಸುಲಭವಲ್ಲ. 23ನೇ ಕಲಮಿನ ಪ್ರಕಾರ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿರಬೇಕು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. 2025ರ ಜನವರಿಯಲ್ಲಿ, ಈ ಕಾಯಿದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದು ತಾಯಿಯೊಬ್ಬರಿಗೆ ಆಸ್ತಿ ಮರಳಿಸಿತು. ಆದರೆ ಆ ದಾನಪತ್ರದಲ್ಲಿ ಆರೈಕೆಯ ಮಾತು ಇತ್ತು. ಬರೇ 'ಪ್ರೀತಿ ವಿಶ್ವಾಸದಿಂದ' ಎಂದು ಬರೆದ ಪತ್ರಗಳಲ್ಲಿ ಅದು ಇರುವುದಿಲ್ಲ. ಹೆತ್ತ ಮಕ್ಕಳಿಗೆ ಷರತ್ತು ಹಾಕುವುದೇ ಎಂದು ಸಂಕೋಚಪಡುವವರೇ ಹೆಚ್ಚು. ಈ ಸಂಕೋಚ ಬೇಡವೆಂದೇ ನಮ್ಮ ಸಲಹೆ: ಅನ್ನ, ಔಷಧ, ವಾಸದ ಹಕ್ಕನ್ನು ಪತ್ರದಲ್ಲೇ ಬರೆಸಿ, ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿರಿ. ವೀಲುನಾಮೆಯಾದರೆ ಜೀವವಿರುವ ತನಕ ಬದಲಾಯಿಸಬಹುದು.

ಕಾನೂನು ನೆರವಿಗೆ 15100, ಹಿರಿಯರ ಸಹಾಯವಾಣಿಗೆ 14567.